ವಿಡಿಯೋ ನೋಡಿದ್ದು ಮಕ್ಕಳ ತಲೆಗೆ ಇಳಿಯಬೇಕಾದರೆ: ಧಾತು, ಗಣಿತ, ಧರ್ಮಗಳಿಗೆ ಒಂದು ಮಾರ್ಗದರ್ಶಿ

"ಮಗಳು ದಿನಾ ವಿಜ್ಞಾನದ ವಿಡಿಯೋ ನೋಡುತ್ತಾಳೆ. ಆದರೆ ಏನು ನೋಡಿದೆ ಅಂತ ಕೇಳಿದರೆ 'ಚೆನ್ನಾಗಿತ್ತು' ಅನ್ನುತ್ತಾಳೆ, ಅಷ್ಟೇ. ಏನು ಮಾಡೋದು?" ಓದುಗರಿಂದ ನನಗೆ ಹೆಚ್ಚಾಗಿ ಬರುವ ಪ್ರಶ್ನೆ ಇದೇ. ಇದರ ಜೊತೆಗೇ ಇನ್ನೆರಡು ಬರುತ್ತವೆ. ಗಣಿತವನ್ನು ನಮ್ಮ ಹಾಡು, ರಂಗೋಲಿ, ಕಟ್ಟಡಗಳ ಜೊತೆ ಸೇರಿಸಿ ಹೇಳುವ ವಿಡಿಯೋಗಳನ್ನು ನಂಬಬಹುದಾ? ಬೇರೆ ಬೇರೆ ಧರ್ಮಗಳ ವಿಡಿಯೋಗಳನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಮೂರಕ್ಕೂ ನನ್ನ ಉತ್ತರ ಒಂದೇ ಕಡೆ ಬಂದು ನಿಲ್ಲುತ್ತದೆ. ವಿಡಿಯೋ ಓಡುತ್ತಿರುವಾಗ ಮಗು ಕಲಿಯುವುದು ಕಡಿಮೆ. ನೀವು ಅದನ್ನು ನಿಲ್ಲಿಸಿದಾಗ ಕಲಿಯುತ್ತದೆ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ವಿಷಯದಿಂದ ವಿಷಯಕ್ಕೆ ಬೇರೆ. ಧಾತುಗಳ ವಿಡಿಯೋದಲ್ಲಿ ಮುಂದೇನಾಗುತ್ತದೆ ಎಂದು ಊಹಿಸಲು ನಿಲ್ಲಿಸಬೇಕು. ಗಣಿತದಲ್ಲಿ ಕೈಯಿಂದ ಮಾಡಿ ನೋಡಲು ನಿಲ್ಲಿಸಬೇಕು. ಧರ್ಮದ ವಿಡಿಯೋದಲ್ಲಿ ಈ ಮಾತನ್ನು ಯಾರು ಹೇಳುತ್ತಿದ್ದಾರೆ ಎಂದು ಕೇಳಲು ನಿಲ್ಲಿಸಬೇಕು. ಎಂಟರಿಂದ ಹದಿನೈದು ವರ್ಷದ ಮಕ್ಕಳಿಗೆ ಇದು ಹೊಂದುತ್ತದೆ. ದೊಡ್ಡವರಿಗೂ ಬೇಡ ಅನ್ನುವಂಥದ್ದೇನಿಲ್ಲ.

ಏನೇನು ಬೇಕು

ಟಿವಿ ಅಥವಾ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಇಬ್ಬರು ಒಟ್ಟಿಗೆ ಕೂತು ನೋಡಬೇಕಲ್ಲ, ಮೊಬೈಲ್ ಪರದೆ ಸಾಲುವುದಿಲ್ಲ. ಒಂದು ನೂರು ಪುಟದ ನೋಟ್‌ಬುಕ್, ಪೆನ್ಸಿಲ್, ಚೌಕುಳಿ ಹಾಳೆ ಬೇಕು. ಗೋಡೆಗೆ ಒಂದು ಆವರ್ತ ಕೋಷ್ಟಕ ಅಂಟಿಸಿ. ಎಲ್ಲ ಧಾತುಗಳನ್ನೂ ಪರಮಾಣು ಸಂಖ್ಯೆಯ ಕ್ರಮದಲ್ಲಿ, ಒಂದೇ ಗುಣದವು ಒಂದೇ ಕಂಬದಲ್ಲಿ ಬರುವಂತೆ ಜೋಡಿಸಿದ ಪಟ್ಟಿ ಅದು. ಸ್ಟೇಷನರಿ ಅಂಗಡಿಯಲ್ಲಿ ಚಾರ್ಟ್ ಸಿಗುತ್ತದೆ. ಪಕ್ಕದಲ್ಲೇ ಪಂಚಾಂಗ ಇರುವ ಗೋಡೆ ಕ್ಯಾಲೆಂಡರ್ ಇರಲಿ. ಯಾಕೆ ಅಂತ ಏಳನೇ ಹಂತದಲ್ಲಿ ಹೇಳುತ್ತೇನೆ.

1. ವಾರಕ್ಕೆ ಒಂದೇ ವಿಡಿಯೋ, ಮೊದಲು ನೀವು ನೋಡಿ

ಹತ್ತು ನಿಮಿಷದ ಒಂದು ವಿಡಿಯೋ ಆರಿಸಿ. ನಿಲ್ಲಿಸಿ ನಿಲ್ಲಿಸಿ ನೋಡಿದರೆ ಅದೇ ಮುಕ್ಕಾಲು ಗಂಟೆಗೆ ಬರುತ್ತದೆ. ಮಗುವಿಗೆ ತೋರಿಸುವ ಮೊದಲು ನೀವೊಬ್ಬರೇ ಪೂರ್ತಿ ನೋಡಿ, ಎಲ್ಲಿ ನಿಲ್ಲಿಸಬೇಕೆಂದು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ಎರಡೋ ಮೂರೋ ಜಾಗ ಸಾಕು. ಪ್ರತಿ ನಿಮಿಷಕ್ಕೂ ನಿಲ್ಲಿಸಿದರೆ ಮಗುವಿಗೆ ಕಿರಿಕಿರಿಯಾಗಿ ಎದ್ದು ಹೋಗುತ್ತದೆ.

ಈ ಹಂತವನ್ನು ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

2. ವಿಡಿಯೋ ಆರಿಸುವಾಗ

ಮುಖಚಿತ್ರದಲ್ಲಿ ಬಾಯಿ ತೆರೆದ ಮುಖ, ಕೆಂಪು ಬಾಣ, 'ವಿಜ್ಞಾನಿಗಳೇ ಬೆಚ್ಚಿಬಿದ್ದರು' ಅನ್ನುವ ತಲೆಬರಹ ಇದ್ದರೆ ಮುಂದೆ ಹೋಗಿ. ಮಾತಾಡುವವರು ಯಾರು, ಎಲ್ಲಿಯವರು, ಏನು ಓದಿದ್ದಾರೆ ಎಂದು ಹೇಳಿದ್ದಾರಾ ನೋಡಿ. 'ನಮಗೆ ಇದು ಇನ್ನೂ ಸರಿಯಾಗಿ ಗೊತ್ತಿಲ್ಲ' ಎಂದು ಒಮ್ಮೆಯಾದರೂ ಹೇಳುವವರ ಮೇಲೆ ನನಗೆ ನಂಬಿಕೆ ಹೆಚ್ಚು.

ಧಾತುಗಳಿಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ 'ಪೀರಿಯಾಡಿಕ್ ವಿಡಿಯೋಸ್' ಸರಣಿಯಿಂದ ಶುರು ಮಾಡಿ. 2008ರಲ್ಲಿ ಪತ್ರಕರ್ತ ಬ್ರೇಡಿ ಹ್ಯಾರನ್ ಅಲ್ಲಿನ ರಸಾಯನಶಾಸ್ತ್ರಜ್ಞರ ಜೊತೆ ಸೇರಿ ಶುರು ಮಾಡಿದ್ದು. 118 ಧಾತುಗಳಿಗೂ ವಿಡಿಯೋ ಇದೆ. ಪ್ರೊಫೆಸರ್ ಮಾರ್ಟಿನ್ ಪೋಲಿಯಕಾಫ್ ಅವರ ಕೆದರಿದ ಬಿಳಿ ಕೂದಲು ನೋಡಿದರೆ ಸಾಕು, ಮಕ್ಕಳು ಕೂತುಬಿಡುತ್ತಾರೆ. ಹ್ಯಾರನ್ ಅವರದ್ದೇ 'ನಂಬರ್‌ಫೈಲ್' ಗಣಿತಕ್ಕೆ ಇದೆ. ಅದು ಸ್ವಲ್ಪ ದೊಡ್ಡ ಮಕ್ಕಳಿಗೆ.

ಕನ್ನಡದಲ್ಲಿ ಹುಡುಕುವಾಗ 'ಧಾತು' ಮತ್ತು 'ಮೂಲವಸ್ತು' ಎರಡೂ ಹಾಕಿ ನೋಡಿ. ಪಠ್ಯಪುಸ್ತಕಗಳಲ್ಲಿ ಎರಡೂ ಬಳಕೆಯಲ್ಲಿವೆ.

3. ಸೆಟ್ಟಿಂಗ್ ಸರಿ ಮಾಡಿಕೊಳ್ಳಿ

ಆಟೋಪ್ಲೇ ಆಫ್ ಮಾಡಿ. ಇಲ್ಲದಿದ್ದರೆ ಸೋಡಿಯಂ ಮುಗಿಯುತ್ತಿದ್ದ ಹಾಗೆ ಯಾವುದೋ ಪಟಾಕಿ ವಿಡಿಯೋ ಶುರುವಾಗುತ್ತದೆ. ಇಂಗ್ಲಿಷ್ ಕಷ್ಟವಾದರೆ ವೇಗವನ್ನು 0.75ಕ್ಕೆ ಇಳಿಸಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ತಾನಾಗಿ ಕನ್ನಡಕ್ಕೆ ಬದಲಾಗುವ ಸಬ್‌ಟೈಟಲ್ ಕೂಡ ಇದೆ. ಸಾಮಾನ್ಯ ಮಾತುಕತೆಗೆ ಅದು ನಡೆಯುತ್ತದೆ, ಆದರೆ ಧಾತುಗಳ ಹೆಸರು, ಧಾರ್ಮಿಕ ಪದ ಬಂದ ಕಡೆ ಎಡವುತ್ತದೆ. ಅಂಥ ಕಡೆ ನೀವೇ ಬಾಯಲ್ಲಿ ಹೇಳಿ. ಕಾಮೆಂಟುಗಳನ್ನು ತೆರೆಯಬೇಡಿ, ಅದರಲ್ಲೂ ಧರ್ಮದ ವಿಡಿಯೋ ಕೆಳಗಿನವನ್ನು.

4. ಧಾತುಗಳ ವಿಡಿಯೋ: ಊಹಿಸಲು ನಿಲ್ಲಿಸಿ

ಮೊದಲಿಗೆ ಆವರ್ತ ಕೋಷ್ಟಕದ ಮೊದಲ ಕಂಬದ ವಿಡಿಯೋಗಳನ್ನು ಹಿಡಿಯಿರಿ: ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ. ಇವನ್ನು ನೀರಿಗೆ ಹಾಕುವ ದೃಶ್ಯ ಎಲ್ಲ ಕಡೆ ಸಿಗುತ್ತದೆ. ಲಿಥಿಯಂ ತೇಲುತ್ತಾ ಬುಸುಗುಡುತ್ತದೆ. ಸೋಡಿಯಂ ಕರಗಿ ಉಂಡೆಯಾಗಿ ನೀರಿನ ಮೇಲೆ ಓಡಾಡುತ್ತದೆ. ಇಲ್ಲಿ ನಿಲ್ಲಿಸಿ. ಚಾರ್ಟ್ ತೋರಿಸಿ, "ಇದರ ಕೆಳಗಿರುವುದು ಪೊಟ್ಯಾಸಿಯಂ. ಅದನ್ನು ಹಾಕಿದರೆ ಏನಾಗಬಹುದು?" ಎಂದು ಕೇಳಿ. ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಆಮೇಲೆ ಮುಂದುವರಿಸಿ. ಪೊಟ್ಯಾಸಿಯಂ ನೇರಳೆ ಛಾಯೆಯ ಬೆಂಕಿ ಹತ್ತಿಸಿಕೊಳ್ಳುತ್ತದೆ. ಅದರ ಕೆಳಗಿನವು ಇನ್ನೂ ಜೋರು.

ಕಾರಣವನ್ನು ಹೀಗೆ ಹೇಳಬಹುದು. ಈ ಧಾತುಗಳ ಪರಮಾಣುವಿನ ಹೊರಗಿನ ಸುತ್ತಿನಲ್ಲಿ ಒಂದೇ ಒಂದು ಎಲೆಕ್ಟ್ರಾನ್ ಇರುತ್ತದೆ. ಕಂಬದಲ್ಲಿ ಕೆಳಗೆ ಹೋದಷ್ಟೂ ಅದು ನಡುವಿನ ಬೀಜದಿಂದ ದೂರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ, ಬೇಗ ಕೈಬಿಟ್ಟು ಹೋಗುತ್ತದೆ.

ಹೀಗೆ ಊಹೆ ಬರೆದ ಮಗು ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ ಮಾಡಿದ ಕೆಲಸವನ್ನೇ ಮಾಡಿದಂತಾಯಿತು. 1869ರಲ್ಲಿ ಅವರು ಕೋಷ್ಟಕ ಕಟ್ಟಿದಾಗ, ಆಗ ಗೊತ್ತಿದ್ದ ಧಾತುಗಳನ್ನು ಜೋಡಿಸಿ ಕೆಲವು ಮನೆಗಳನ್ನು ಖಾಲಿ ಬಿಟ್ಟರು. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ 'ಏಕ-ಅಲ್ಯೂಮಿನಿಯಂ' ಎಂದು ಸಂಸ್ಕೃತದ 'ಏಕ' ಸೇರಿಸಿ ಹೆಸರಿಟ್ಟು, ಅದರ ಸಾಂದ್ರತೆ ಸುಮಾರು 5.9 ಇರುತ್ತದೆ ಎಂದರು. ಸಾಂದ್ರತೆ ಎಂದರೆ ಒಂದು ಘನ ಸೆಂಟಿಮೀಟರಿನಷ್ಟು ವಸ್ತು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 1875ರಲ್ಲಿ ಫ್ರಾನ್ಸಿನಲ್ಲಿ ಆ ಧಾತು ಸಿಕ್ಕಿತು, ಗ್ಯಾಲಿಯಂ ಎಂದು ಹೆಸರಾಯಿತು. ಅಳೆದಾಗ ಬಂದದ್ದು 4.7. ಮೆಂಡಲೀವ್ ಪತ್ರ ಬರೆದು, ಇನ್ನೊಮ್ಮೆ ಶುದ್ಧ ಮಾಡಿ ಅಳೆಯಿರಿ ಎಂದರು. ಅಳೆದರೆ 5.9! ಧಾತುವನ್ನು ಕಣ್ಣಿಂದಲೇ ನೋಡದವರ ಲೆಕ್ಕ, ಕೈಯಲ್ಲಿ ಹಿಡಿದವರ ಅಳತೆಗಿಂತ ಸರಿಯಾಗಿತ್ತು. ಇದನ್ನು ಮಕ್ಕಳಿಗೆ ಹೇಳದೆ ಆವರ್ತ ಕೋಷ್ಟಕ ಬಾಯಿಪಾಠ ಮಾಡಿಸುವುದು ಅನ್ಯಾಯ ಅಂತ ನನಗೆ ಅನಿಸುತ್ತದೆ.

ಗ್ಯಾಲಿಯಂ ಕರಗುವುದು 29.8 ಡಿಗ್ರಿಗೆ. ಅದರ ವಿಡಿಯೋ ನೋಡುವಾಗ ಕೇಳಿ: ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಮೇಜಿನ ಮೇಲೆ ಇಟ್ಟರೆ ಏನಾಗುತ್ತದೆ? ಜನವರಿಯಲ್ಲಿ ಮಡಿಕೇರಿಯಲ್ಲಿ ಇಟ್ಟರೆ?

ಇನ್ನೊಂದು ಪ್ರಶ್ನೆಯನ್ನು ಮಗುವೇ ಕೇಳಬಹುದು, ಕೇಳದಿದ್ದರೆ ನೀವು ಕೇಳಿ. "ಉಪ್ಪಿನಲ್ಲೂ ಸೋಡಿಯಂ ಇದೆ ತಾನೇ? ಸಾರಿಗೆ ಉಪ್ಪು ಹಾಕಿದರೆ ಯಾಕೆ ಸಿಡಿಯುವುದಿಲ್ಲ?" ಉಪ್ಪಿನಲ್ಲಿರುವ ಸೋಡಿಯಂ ತನ್ನ ಆ ಒಂದು ಎಲೆಕ್ಟ್ರಾನನ್ನು ಆಗಲೇ ಕ್ಲೋರಿನ್‌ಗೆ ಕೊಟ್ಟುಬಿಟ್ಟಿದೆ. ನೀರಿನ ಜೊತೆ ಜಗಳ ಆಡಲು ಅದರ ಹತ್ತಿರ ಏನೂ ಉಳಿದಿಲ್ಲ. ಧಾತು ಬೇರೆ, ಅದರಿಂದಾದ ಸಂಯುಕ್ತ ಬೇರೆ ಅನ್ನುವುದು ಇದೊಂದು ಪ್ರಶ್ನೆಯಲ್ಲಿ ಮನಸ್ಸಿಗೆ ಕೂರುತ್ತದೆ. ಸಂಯುಕ್ತ ಎಂದರೆ ಎರಡು ಅಥವಾ ಹೆಚ್ಚು ಧಾತುಗಳು ರಾಸಾಯನಿಕವಾಗಿ ಬೆರೆತ ವಸ್ತು.

ಉಪ್ಪಿನಲ್ಲಿ ಸೋಡಿಯಂ ಇರುವುದನ್ನು ಅಡುಗೆಮನೆಯಲ್ಲೇ ತೋರಿಸಬಹುದು. ದೊಡ್ಡವರು ಗ್ಯಾಸ್ ಒಲೆಯ ನೀಲಿ ಉರಿಗೆ ಒಂದೆರಡು ಹರಳು ಪುಡಿ ಉಪ್ಪು ಉದುರಿಸಬೇಕು. ಉರಿ ಥಟ್ಟನೆ ಹಳದಿಯಾಗುತ್ತದೆ. ಅನ್ನ ಉಕ್ಕಿ ಒಲೆಗೆ ಚೆಲ್ಲಿದಾಗಲೂ ಹಳದಿ ಕಾಣುತ್ತದಲ್ಲ, ಅದರಲ್ಲಿ ಉಪ್ಪಿನ ಪಾಲೂ ಇರುತ್ತದೆ. ಇದನ್ನು ನೋಡಿದ ಮೇಲೆ ಹೀಲಿಯಂ ವಿಡಿಯೋ ಹಾಕಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ನಮ್ಮ ಪಕ್ಕದ ಗುಂಟೂರಿಗೆ ಬಂದಿದ್ದರು. ಸೂರ್ಯನ ಅಂಚಿನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಕಂಡ ಗೆರೆಗಳಲ್ಲಿ ಒಂದು ಹಳದಿ. ಅದು ಸೋಡಿಯಂನ ಹಳದಿಗೆ ತೀರಾ ಹತ್ತಿರ, ಆದರೆ ಅದೇ ಅಲ್ಲ ಎಂದು ಕಂಡುಕೊಂಡವರು ಇಂಗ್ಲೆಂಡಿನ ಲಾಕಿಯರ್. ಅಂದರೆ ಅದು ಬೇರೊಂದು ಧಾತುವಿನ ಗೆರೆ. ಸೂರ್ಯನಲ್ಲಿ ಮೊದಲು ಕಂಡದ್ದರಿಂದ ಗ್ರೀಕರ ಸೂರ್ಯ 'ಹೀಲಿಯೋಸ್' ಹೆಸರನ್ನೇ ಆ ಧಾತುವಿಗೆ ಇಟ್ಟರು. ಭೂಮಿಯ ಮೇಲೆ ಅದನ್ನು ಹಿಡಿದದ್ದು 1895ರಲ್ಲಿ, ವಿಲಿಯಂ ರಾಮ್ಸೆ. ಒಲೆಯ ಹಳದಿಯನ್ನು ಕಣ್ಣಾರೆ ನೋಡಿದ ಮಗುವಿಗೆ ಈ ಕಥೆ ಬೇರೆಯೇ ಥರ ಕೇಳಿಸುತ್ತದೆ.

ತಾಮ್ರ, ಸತುವಿನ ವಾರಕ್ಕೆ ಕಪ್ಪಾದ ತಾಮ್ರದ ಚೊಂಬನ್ನು ಹುಣಸೆಹಣ್ಣಿನಿಂದ ಅರ್ಧ ಮಾತ್ರ ಉಜ್ಜಿಸಿ. ಹುಳಿಯಲ್ಲಿರುವ ಆಮ್ಲ ಮೇಲಿನ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಒಳಗಿನ ತಾಮ್ರ ಹೊಳೆಯುತ್ತದೆ. ಮನೆಯಲ್ಲಿ ಬಿದರಿ ಸಾಮಾನು ಇದ್ದರೆ ತನ್ನಿ. ಅದರ ಮೈ ಹೆಚ್ಚಾಗಿ ಸತು, ಜೊತೆಗೆ ಸ್ವಲ್ಪ ತಾಮ್ರ. ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿ ಉಜ್ಜಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಯ ಚಿತ್ತಾರ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎರಡು ಲೋಹಗಳ ಸ್ವಭಾವ ಒಂದೇ ಹೂದಾನಿಯ ಮೇಲೆ ಕಾಣುತ್ತದೆ.

ಎಚ್ಚರಿಕೆಗಳು. ಸೋಡಿಯಂ ಪ್ರಯೋಗವನ್ನು ಮನೆಯಲ್ಲಿ ಮಾಡುವ ಯೋಚನೆಯೇ ಬೇಡ. ಮೊಬೈಲ್ ಬ್ಯಾಟರಿ ಬಿಚ್ಚಿ ಲಿಥಿಯಂ ತೋರಿಸುವ ವಿಡಿಯೋಗಳಿವೆ, ಅವನ್ನು ತೋರಿಸಲೇಬೇಡಿ. ಪಾದರಸವನ್ನು ಅಂಗೈಯಲ್ಲಿ ಆಡಿಸುವ ಹಳೆಯ ದೃಶ್ಯ ಕಂಡರೆ, ಅದರ ಆವಿ ವಿಷ ಎಂದು ಅಲ್ಲೇ ನಿಲ್ಲಿಸಿ ಹೇಳಿ. ಸ್ಫೋಟ ದೊಡ್ಡದಾದಷ್ಟೂ ಅನುಮಾನ ಇರಲಿ. ಬ್ರಿಟನ್ನಿನ ಒಂದು ಟಿವಿ ಕಾರ್ಯಕ್ರಮದಲ್ಲಿ ಸೀಸಿಯಂ ಹಾಕಿದ ಸ್ನಾನದ ತೊಟ್ಟಿ ಚೂರುಚೂರಾದ ದೃಶ್ಯ ಈಗಲೂ ಹರಿದಾಡುತ್ತಿದೆ. ಅದಕ್ಕೆ ಬೇರೆ ಸ್ಫೋಟಕ ಇಟ್ಟಿದ್ದರು.

5. ಗಣಿತ ಮತ್ತು ಸಂಸ್ಕೃತಿಯ ವಿಡಿಯೋ: ಮಾಡಿ ನೋಡಲು ನಿಲ್ಲಿಸಿ

ಇಲ್ಲಿ ನಿಯಮ ಕಟ್ಟುನಿಟ್ಟು. ಪರದೆಯ ಮೇಲೆ ಉತ್ತರ ಬರುವ ಮೊದಲೇ ನಿಲ್ಲಿಸಬೇಕು. ಉತ್ತರ ನೋಡಿದ ಮೇಲೆ ಮಾಡುವುದು ಸುಮ್ನೆ ನಕಲು.

ಮೊದಲ ವಾರಕ್ಕೆ ನಾನು ಸೂಚಿಸುವುದು 1, 2, 3, 5, 8, 13 ಎಂದು ಬೆಳೆಯುವ ಫಿಬೊನಾಚಿ ಸಂಖ್ಯೆಗಳು. ವಿಡಿಯೋಗಳಲ್ಲಿ ಮೊಲಗಳ ಲೆಕ್ಕದಿಂದ ಶುರುವಾಗುತ್ತದೆ. ಇಟಲಿಯ ಫಿಬೊನಾಚಿ ಅದನ್ನು ಬರೆದದ್ದು 1202ರಲ್ಲಿ. ಅದಕ್ಕೂ ಮೊದಲೇ, 12ನೇ ಶತಮಾನದಲ್ಲಿ ಗುಜರಾತಿನ ಹೇಮಚಂದ್ರ, ಇನ್ನೂ ಹಿಂದೆ ವಿರಹಾಂಕ, ಛಂದಸ್ಸಿನ ಲೆಕ್ಕ ಹಾಕುವಾಗ ಇದೇ ಸಂಖ್ಯೆಗಳನ್ನು ಕಂಡಿದ್ದರು. ಕನ್ನಡ ಶಾಲೆಯಲ್ಲಿ ಓದುವ ಮಗುವಿಗೆ ಮೊಲಗಳಿಗಿಂತ ಇದು ಹತ್ತಿರ. ಯಾಕೆಂದರೆ ಲಘು, ಗುರು ಹಾಕುವುದು ಅದಕ್ಕೆ ಗೊತ್ತು.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಾತ್ರೆ ಎಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಮೂರು ಮಾತ್ರೆಯ ಪದ ಎಷ್ಟು ಬಗೆಯಲ್ಲಿ ಬರಬಹುದು? 'ಕಮಲ' ಮೂರು ಲಘು. 'ರಾಮ' ಗುರು, ಲಘು. 'ರಮಾ' ಲಘು, ಗುರು. ಒಟ್ಟು ಮೂರು ಬಗೆ. ಈಗ ನಾಲ್ಕು ಮಾತ್ರೆಗೆ ಮಗುವೇ ಪದ ಹುಡುಕಲಿ. 'ಮೈನಾ', 'ಕೋಗಿಲೆ', 'ಗುಲಾಬಿ', 'ಕವಿತಾ', 'ಪರಿಮಳ'. ಐದು ಬಗೆ, ಆರನೆಯದು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಐದು ಮಾತ್ರೆಗೆ? ಬರೆಯುವ ಮೊದಲು ಯೋಚಿಸಲಿ. ಐದು ಮಾತ್ರೆಯ ಪದ ಲಘುವಿನಲ್ಲಿ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ ಇರಬೇಕು, ಅದಕ್ಕೆ ಐದು ಬಗೆ. ಗುರುವಿನಲ್ಲಿ ಮುಗಿದರೆ ಹಿಂದೆ ಮೂರು ಮಾತ್ರೆ, ಅದಕ್ಕೆ ಮೂರು ಬಗೆ. ಐದು ಮತ್ತು ಮೂರು, ಎಂಟು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಯಾಕೆ ಬರುತ್ತದೆ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಇದಾದ ಮೇಲೆ ವಿಡಿಯೋ ಮುಂದುವರಿಸಿ.

ಹೈಸ್ಕೂಲಿನವರಾದರೆ ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಇದನ್ನು ಹಚ್ಚಲಿ. 3, 4, 3, 4 ಮಾತ್ರೆಯ ಗಣಗಳು. ಬರೀ ಲೆಕ್ಕಕ್ಕೆ 3×5×3×5, ಅಂದರೆ 225 ಬಗೆ. ಛಂದಸ್ಸಿನ ನಿಯಮದಂತೆ ಗಣದ ಮೊದಲಿಗೆ ಲಘು, ಅದರ ಹಿಂದೆಯೇ ಗುರು ಬರುವಂತಿಲ್ಲ. ಹಾಗಾದರೆ ಎಷ್ಟು ಉಳಿಯುತ್ತವೆ? ಉತ್ತರ 64. ಹೇಗೆ ಅನ್ನುವುದನ್ನು ಅವರೇ ಬಿಡಿಸಲಿ.

ಎರಡನೆಯ ವಾರಕ್ಕೆ ಆಯ್ಕೆಗಳ ಎಣಿಕೆ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ, ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನುವುದಕ್ಕೆ ಸಾಮಾನ್ಯ ಸೂತ್ರ ಕೊಟ್ಟಿದ್ದಾನೆ. ಆತ ಕೇಳುವ ಲೆಕ್ಕ ರುಚಿಗಳದ್ದು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಆರು ರುಚಿ ಇದ್ದರೆ ಎಷ್ಟು ಬಗೆಯ ಬೆರಕೆ? ಇದನ್ನು ಯುಗಾದಿ ಹೊತ್ತಿಗೆ ಇಟ್ಟುಕೊಂಡರೆ ಚೆಂದ. ಬೇವುಬೆಲ್ಲ ಎರಡು ರುಚಿಯ ಬೆರಕೆ ಅಲ್ವಾ? ಪ್ರತಿ ರುಚಿಯೂ ಇರಬಹುದು ಅಥವಾ ಇಲ್ಲದಿರಬಹುದು. ಎರಡನ್ನು ಆರು ಸಲ ಗುಣಿಸಿದರೆ 64. ಯಾವ ರುಚಿಯೂ ಇಲ್ಲದ ಒಂದನ್ನು ಬಿಟ್ಟರೆ 63.

ಮೂರನೆಯದು ಆಕಾರ. ಚೌಕುಳಿ ಹಾಳೆಯ ಮೇಲೆ ಚುಕ್ಕಿ ರಂಗೋಲಿ ಹಾಕಿಸಿ, ಕಾಲು ಸುತ್ತು ತಿರುಗಿಸಿದರೆ ಹಾಗೇ ಕಾಣುತ್ತದಾ ನೋಡಿಸಿ. ರಂಗೋಲಿಯನ್ನು ಮನೆಯಲ್ಲಿ ಅಜ್ಜಿ ಹಾಕುತ್ತಿದ್ದರೆ ಅವರನ್ನೇ ಕೇಳಿ, ಮಧ್ಯದಿಂದ ಶುರು ಮಾಡುತ್ತಾರಾ ಅಂಚಿನಿಂದಲಾ ಎಂದು. ಯಾವ ವಿಡಿಯೋದವರಿಗಿಂತ ಚೆನ್ನಾಗಿ ಹೇಳುತ್ತಾರೆ. ಆಮೇಲೆ ಒಂದರ ಮೇಲೊಂದು ಎರಡು ಚೌಕ ಬರೆದು, ಒಂದನ್ನು 45 ಡಿಗ್ರಿ ತಿರುಗಿಸಿ. ಎಂಟು ಮೂಲೆಯ ನಕ್ಷತ್ರ, ಅದರೊಳಗೆ ಅಷ್ಟಭುಜ ಬರುತ್ತದೆ. ವಿಜಯಪುರದ ಗೋಲಗುಮ್ಮಟದೊಳಗೆ ನಿಂತು ಮೇಲೆ ನೋಡಿದರೆ ಕಾಣುವುದು ಇದೇ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಕೆಳಗಿನ ಚೌಕವನ್ನು ಮೇಲಿನ ಗುಂಡಗಿನ ಗುಮ್ಮಟಕ್ಕೆ ಒಗ್ಗಿಸುತ್ತವೆ.

ಈ ವಿಷಯದ ವಿಡಿಯೋಗಳಲ್ಲಿ ಹುಸಿ ಹೇಳಿಕೆ ಜಾಸ್ತಿ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಸುವರ್ಣ ಅನುಪಾತ: ಸುಮಾರು 1.618 ಎಂಬ ಸಂಖ್ಯೆ. ಗ್ರೀಕರ ಪಾರ್ಥೆನಾನ್ ದೇಗುಲ, ನಾಟಿಲಸ್ ಚಿಪ್ಪು, ಸುಂದರ ಮುಖ ಎಲ್ಲದರಲ್ಲೂ ಅದೇ ಇದೆ ಎಂದು ಹೇಳುತ್ತಾರೆ. ಸೂರ್ಯಕಾಂತಿಯ ಬೀಜಗಳ ಸಾಲಿನಲ್ಲಿ ಫಿಬೊನಾಚಿ ಸಂಖ್ಯೆ ಬರುವುದು ನಿಜ, ಎಣಿಸಿ ನೋಡಬಹುದು. ನಾಟಿಲಸ್ ಸುರುಳಿ ಅಳೆದರೆ ಸಾಮಾನ್ಯವಾಗಿ ಆ ಅನುಪಾತ ಬರುವುದಿಲ್ಲ.

ಸೊನ್ನೆ: 'ಆರ್ಯಭಟ ಸೊನ್ನೆ ಕಂಡುಹಿಡಿದ' ಎಂದು ಒಂದೇ ಸಾಲಿನಲ್ಲಿ ಮುಗಿಸುವ ವಿಡಿಯೋ ಬೇಡ. ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತ 628ರಲ್ಲಿ ಬರೆದ. ಗ್ವಾಲಿಯರ್ ಕೋಟೆಯ ದೇವಾಲಯದಲ್ಲಿ 876ರ ಶಾಸನದಲ್ಲಿ 270 ಎಂಬ ಸಂಖ್ಯೆಯಲ್ಲಿ ಸೊನ್ನೆ ಕೆತ್ತಿರುವುದನ್ನು ಈಗಲೂ ನೋಡಬಹುದು. ಅತ್ತ ಮಧ್ಯ ಅಮೆರಿಕದ ಮಾಯಾ ಜನ ತಮ್ಮದೇ ಇಪ್ಪತ್ತರ ಎಣಿಕೆಯಲ್ಲಿ ಚಿಪ್ಪಿನ ಆಕಾರದ ಸೊನ್ನೆ ಬಳಸುತ್ತಿದ್ದರು.

ವೇದಗಣಿತ: ಈ ಹೆಸರಿನಲ್ಲಿ ಕಲಿಸುವ ಶೀಘ್ರ ಲೆಕ್ಕದ ಉಪಾಯಗಳು 1965ರಲ್ಲಿ ಅಚ್ಚಾದ ಪುಸ್ತಕದವು. ಆ ಸೂತ್ರಗಳು ವೇದಗಳಲ್ಲಿ ಸಿಕ್ಕಿಲ್ಲ. ಉಪಾಯಗಳು ಕೆಲಸ ಮಾಡುತ್ತವೆ, ಕಲಿಸಿ. ಆದರೆ ವೇದಕಾಲದ ನಿಜವಾದ ಗಣಿತ ಬೇಕಿದ್ದರೆ ಯಜ್ಞವೇದಿ ಕಟ್ಟುವ ಅಳತೆಯ ಶುಲ್ಬಸೂತ್ರಗಳ ವಿಡಿಯೋ ಹುಡುಕಿ. ಆಯತದ ಕರ್ಣದ ನಿಯಮ ಬೌಧಾಯನನಲ್ಲಿ ಸ್ಪಷ್ಟವಾಗಿದೆ. ಹಗ್ಗಕ್ಕೆ 3, 4, 5 ಅಳತೆಯಲ್ಲಿ ಗಂಟು ಹಾಕಿ ಅಂಗಳದಲ್ಲಿ ಲಂಬಕೋನ ಮಾಡಿ ತೋರಿಸಿ.

6. ಧರ್ಮಗಳ ವಿಡಿಯೋ: ಯಾರು ಹೇಳುತ್ತಿದ್ದಾರೆ ಎಂದು ಕೇಳಲು ನಿಲ್ಲಿಸಿ

ಮೊದಲು ವಿಡಿಯೋದ ಜಾತಿ ಗುರುತಿಸಿ. ಭಕ್ತರು ಭಕ್ತರಿಗಾಗಿ ಮಾಡಿದ್ದು ಒಂದು ಬಗೆ. ಓದಿದವರು ಹೊರಗೆ ನಿಂತು ವಿವರಿಸಿದ್ದು ಇನ್ನೊಂದು ಬಗೆ. ಒಂದು ಧರ್ಮದವರು ಇನ್ನೊಂದನ್ನು ತೆಗಳಲು ಮಾಡಿದ್ದು ಮೂರನೆಯದು. ಮೊದಲ ಎರಡೂ ಬೇಕು, ಮೂರನೆಯದು ಮನೆಯೊಳಗೇ ಬೇಡ. ಓದಿನ ಬಗೆಗೆ ಮಾದರಿ ಬೇಕಿದ್ದರೆ ನಾಟಿಂಗ್‌ಹ್ಯಾಮ್‌ನವರೇ ಬೈಬಲ್‌ನ ಒಂದೊಂದು ಗ್ರಂಥಕ್ಕೂ ಮಾಡಿರುವ 'ಬಿಬ್ಲೆಡೆಕ್ಸ್' ನೋಡಿ. ಗ್ರಂಥ ಯಾವ ಕಾಲದ್ದು, ಯಾರನ್ನು ಕುರಿತು ಬರೆದದ್ದು, ವಿದ್ವಾಂಸರು ಎಲ್ಲಿ ಒಪ್ಪುವುದಿಲ್ಲ ಅನ್ನುವುದನ್ನು ಅಲ್ಲಿ ಮಾತಾಡುತ್ತಾರೆ.

ನೋಡುವಾಗ ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿ. ಒಂದು ಕಡೆ 'ಗುರುತು ಸಿಕ್ಕಿದ್ದು', ಇನ್ನೊಂದು ಕಡೆ 'ನಂಬುವುದು'. ಬುದ್ಧನ ವಿಡಿಯೋ ಅಂದುಕೊಳ್ಳಿ. ಬುದ್ಧ ಹುಟ್ಟಿದ ಜಾಗ ಇದು ಎಂದು ಹೇಳುವ ಅಶೋಕನ ಕಂಬ ನೇಪಾಳದ ಲುಂಬಿನಿಯಲ್ಲಿದೆ. ಅದು ಮೊದಲ ಕಡೆಗೆ. ಹುಟ್ಟಿದ ಕೂಡಲೇ ಏಳು ಹೆಜ್ಜೆ ನಡೆದ ಅನ್ನುವುದು ಎರಡನೆಯ ಕಡೆಗೆ. ಎರಡನೆಯದು ಕಡಿಮೆ ಅಂತ ಅಲ್ಲ. ಕೋಟ್ಯಂತರ ಜನರ ಬದುಕನ್ನು ನಡೆಸುವುದು ಆ ನಂಬಿಕೆಯೇ. ಅದು ಬೇರೆ ಥರದ ಮಾತು, ಅಷ್ಟೇ. ನಿಮ್ಮ ಸ್ವಂತ ಧರ್ಮದ ವಿಡಿಯೋಗೂ ಇದೇ ಎರಡು ಭಾಗ ಹಾಕಿಸಿ. ಇಲ್ಲದಿದ್ದರೆ ಬೇರೆಯವರದ್ದು ಕಥೆ, ನಮ್ಮದು ಚರಿತ್ರೆ ಎಂದು ಮಗು ಕಲಿತುಬಿಡುತ್ತದೆ.

'ಸ್ಥಾಪಕ, ಗ್ರಂಥ, ದೇವರು, ಪವಿತ್ರ ಸ್ಥಳ' ಎಂದು ಎಲ್ಲ ಧರ್ಮಗಳನ್ನೂ ಒಂದೇ ಪಟ್ಟಿಯ ಮನೆಗಳಲ್ಲಿ ತುಂಬುವ ವಿಡಿಯೋಗಳು ತುಂಬಾ ಇವೆ. ಪರೀಕ್ಷೆಗೆ ಅನುಕೂಲ, ತಿಳಿವಳಿಕೆಗೆ ತೊಡಕು. ಹಿಂದೂ ಧರ್ಮಕ್ಕೆ ಒಬ್ಬ ಸ್ಥಾಪಕ ಇಲ್ಲ. ಜಪಾನಿನ ಶಿಂಟೋಗೂ ಸ್ಥಾಪಕನಿಲ್ಲ, ಅದರಲ್ಲಿ ನಂಬಿಕೆಯ ಪಟ್ಟಿಗಿಂತ ಆಚರಣೆ ಮುಖ್ಯ. ಜೈನರು ಜಗತ್ತನ್ನು ಸೃಷ್ಟಿಸಿದ ದೇವರನ್ನು ಒಪ್ಪುವುದಿಲ್ಲ. ಪಟ್ಟಿಯ ಯಾವ ಮನೆ ಯಾವ ಧರ್ಮಕ್ಕೆ ಹೊಂದುವುದಿಲ್ಲ ಎಂದು ಹುಡುಕಿಸಿ, ಆಗ ಅದೇ ವಿಡಿಯೋ ಒಳ್ಳೆಯ ಪಾಠವಾಗುತ್ತದೆ.

'ಬೌದ್ಧರು ಹೀಗೆ ಮಾಡುತ್ತಾರೆ', 'ಮುಸ್ಲಿಮರು ಹೀಗೆ ಮಾಡುತ್ತಾರೆ' ಎಂಬ ಮಾತು ಬಂದಲ್ಲೆಲ್ಲ ನಿಲ್ಲಿಸಿ "ಯಾವ ಊರಿನವರು? ಯಾವ ಪಂಥದವರು?" ಎಂದು ಕೇಳಿ. ಶ್ರೀಲಂಕಾದ ಥೇರವಾದಕ್ಕೂ ಟಿಬೆಟಿನ ವಜ್ರಯಾನಕ್ಕೂ ದೊಡ್ಡ ಅಂತರವಿದೆ. ಟಿಬೆಟಿನದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ, ಬೈಲಕುಪ್ಪೆಗೆ ಹೋದರೆ ಸಾಕು. ವಿಡಿಯೋ ನೋಡಿದ ಮೇಲೆ ಆ ಧರ್ಮದವರೊಬ್ಬರ ಜೊತೆ ಮಾತಾಡಿಸುವುದು ನನ್ನ ಮಟ್ಟಿಗೆ ಈ ಹಂತದ ಅರ್ಧ ಪಾಲು. ಜೈನರಿಗೆ ಶ್ರವಣಬೆಳಗೊಳ, ಸಿಖ್ಖರಿಗೆ ಬೀದರಿನ ನಾನಕ್ ಝೀರಾ, ಸೂಫಿ ಪರಂಪರೆಗೆ ಕಲಬುರಗಿಯ ಬಂದೇ ನವಾಜ್ ದರ್ಗಾ ಇದೆ. ಬೀದಿಯ ಚರ್ಚು, ಮಸೀದಿ, ಪಕ್ಕದ ಮನೆಯವರೂ ಇದ್ದಾರೆ. ಹೋಗುವ ಮೊದಲು ಅಲ್ಲಿನ ರೂಢಿ ಕೇಳಿಕೊಳ್ಳಿ: ತಲೆಗೆ ಬಟ್ಟೆ ಬೇಕಾ, ಫೋಟೋ ತೆಗೆಯಬಹುದಾ. ಮಗು ಕೇಳಬೇಕಾದ ಪ್ರಶ್ನೆ "ನೀವು ಇದನ್ನು ಯಾಕೆ ನಂಬುತ್ತೀರಿ?" ಅಂತ ಅಲ್ಲ. "ನಿಮ್ಮ ಮನೆಯಲ್ಲಿ ಹಬ್ಬದ ದಿನ ಬೆಳಿಗ್ಗೆ ಏನೇನು ಮಾಡ್ತೀರಿ?" ಅಂತ ಕೇಳಿದರೆ ಯಾರು ಬೇಕಾದರೂ ಖುಷಿಯಿಂದ ಹೇಳುತ್ತಾರೆ.

7. ಗಣಿತ, ಧರ್ಮ ಎರಡನ್ನೂ ಕೂಡಿಸುವ ಒಂದು ವಾರ: ಕ್ಯಾಲೆಂಡರ್

ಗೋಡೆ ಕ್ಯಾಲೆಂಡರ್ ಇಲ್ಲಿ ಬೇಕು. ಚಾಂದ್ರಮಾನ, ಸೌರಮಾನದ ಬಗ್ಗೆ ಯಾವುದಾದರೂ ಒಂದು ಚಿಕ್ಕ ವಿಡಿಯೋ ತೋರಿಸಿ. ಆಮೇಲೆ ಈ ದಿನಾಂಕಗಳನ್ನು ಕೊಡಿ.

ಯುಗಾದಿ: 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30.
ಭಾರತದಲ್ಲಿ ಈದುಲ್ ಫಿತ್ರ್: 2023ರಲ್ಲಿ ಏಪ್ರಿಲ್ 22, 2024ರಲ್ಲಿ ಏಪ್ರಿಲ್ 11, 2025ರಲ್ಲಿ ಮಾರ್ಚ್ 31.
ಈಸ್ಟರ್: 2023ರಲ್ಲಿ ಏಪ್ರಿಲ್ 9, 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20.

ಎಷ್ಟು ದಿನ ಹಿಂದೆ ಸರಿಯಿತು, ಮುಂದೆ ಸರಿಯಿತು ಎಂದು ಮಗು ಎಣಿಸಲಿ. ಈದ್ ಎರಡು ಸಲವೂ 11 ದಿನ ಹಿಂದೆ ಬಂದಿದೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಹಿಜರಿ ವರ್ಷ ಅಷ್ಟಕ್ಕೇ ಮುಗಿಯುವುದರಿಂದ ರಂಜಾನ್ ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ಸುತ್ತಿ ಸುಮಾರು 33 ವರ್ಷಕ್ಕೆ ಮತ್ತೆ ಅಲ್ಲಿಗೇ ಬರುತ್ತದೆ. ಯುಗಾದಿ 2024ರಿಂದ 2025ಕ್ಕೆ 10 ದಿನ ಹಿಂದೆ ಬಂದಿದೆ, ಆದರೆ 2023ರಿಂದ 2024ಕ್ಕೆ 18 ದಿನ ಮುಂದೆ ಹೋಗಿದೆ. ಯಾಕೆ? 2023ರ ಹಳೆಯ ಕ್ಯಾಲೆಂಡರ್ ಸಿಕ್ಕರೆ ಜುಲೈ, ಆಗಸ್ಟ್ ಪುಟ ತೆಗೆಯಿರಿ. ಅಲ್ಲಿ ಅಧಿಕ ಶ್ರಾವಣ ಇದೆ. ಋತುಗಳ ಜೊತೆ ಹೆಜ್ಜೆ ತಪ್ಪಬಾರದೆಂದು ಸೇರಿಸಿದ ತಿಂಗಳು ಅದು.

ಯಹೂದಿಗಳ ಕ್ಯಾಲೆಂಡರಿನಲ್ಲೂ 19 ವರ್ಷಗಳಲ್ಲಿ ಏಳು ಸಲ ಹದಿಮೂರನೆಯ ತಿಂಗಳು ಸೇರುತ್ತದೆ. 19 ವರ್ಷಕ್ಕೆ 12ರಂತೆ 228, ಅದಕ್ಕೆ 7 ಸೇರಿದರೆ 235 ತಿಂಗಳು. ಒಂದು ಚಾಂದ್ರಮಾಸ ಸುಮಾರು 29.53 ದಿನ. ಕ್ಯಾಲ್ಕ್ಯುಲೇಟರ್ ಕೊಟ್ಟು 235 ತಿಂಗಳಿಗೆ ಎಷ್ಟು ದಿನ, 19 ಸೌರವರ್ಷಕ್ಕೆ ಎಷ್ಟು ದಿನ ಎಂದು ಲೆಕ್ಕ ಹಾಕಿಸಿ. ಎರಡೂ 6,940 ದಿನದ ಹತ್ತಿರ ಬಂದು ನಿಲ್ಲುತ್ತವೆ. ಈಸ್ಟರ್ ಯಾಕೆ ಹಾಗೆ ಹಿಂದೆ ಮುಂದೆ ಜಿಗಿಯುತ್ತದೆ ಅನ್ನುವುದು ಕೊನೆಯ ಪ್ರಶ್ನೆ. ಸುಳಿವು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ, ಅದಾದ ಮೇಲಿನ ಭಾನುವಾರ.

8. ಮುಗಿದ ಮೇಲೆ

ಪರೀಕ್ಷೆ ಮಾಡಬೇಡಿ. ಮಗು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಲಿ: ನನ್ನ ಊಹೆ ಏನಿತ್ತು, ಏನಾಯಿತು, ಇನ್ನೂ ಏನು ಗೊತ್ತಾಗಲಿಲ್ಲ. ಎರಡು ದಿನ ಬಿಟ್ಟು ಊಟದ ಹೊತ್ತಿನಲ್ಲಿ, ಆ ವಿಡಿಯೋ ನೋಡದ ಮನೆಯವರಿಗೆ ಅದನ್ನು ವಿವರಿಸಲು ಹೇಳಿ. ಎಲ್ಲಿ ತಡವರಿಸುತ್ತದೋ ಆ ಭಾಗವನ್ನಷ್ಟೇ ಮತ್ತೆ ಹಾಕಿ ನೋಡಿ. ಒಂದು ವಾರ ಮನಸ್ಸಿಲ್ಲ ಅಂದರೆ ಬಿಡಿ, ಒತ್ತಾಯಿಸಿದರೆ ಮುಂದಿನ ವಾರವೂ ಹೋಗುತ್ತದೆ. ಮುಂದಿನ ವಿಡಿಯೋ ಯಾವುದು ಅಂತ ನೀವು ತೀರ್ಮಾನಿಸಬೇಕಾಗಿಲ್ಲ. ಮೂರನೆಯ ಸಾಲಿನಲ್ಲಿ ಮಗು ಬರೆದಿರುವ ಪ್ರಶ್ನೆಯನ್ನೇ ಹುಡುಕಾಟಕ್ಕೆ ಹಾಕಿ.